ಗುರುವಾರದೊಳಗೆ ಒಂದು ಪರದೆ

ಇಂದ:
ಎಬೋ ಕ್ವಾನ್ಸಾ, ಮದುವೆ ಮತ್ತು ವಿಚ್ಛೇದನ ನೋಂದಣಿ ಗುಮಾಸ್ತ,
ಹಳೆಯ ಪುರಭವನ (ಈಗ ನೋಂದಣಿ ಕಚೇರಿ), ಸೆಕೊಂಡಿ, ಘಾನಾ

ಗೆ:
ಹಳೆಯ ಕಟ್ಟಡಗಳ ಸಂರಕ್ಷಣಾಧಿಕಾರಿಗಳು

ವಿಷಯ: ವೇದಿಕೆಗೆ ಪರದೆ ಮರಳಿ ಕಟ್ಟಿಸುವ ಬಗ್ಗೆ.
ಉಲ್ಲೇಖ: ಕಟ್ಟಡದ ಒಂದು ಹಲಗೆಯನ್ನೂ ಕೀಳಬಾರದೆಂಬ ತಮ್ಮ ಆದೇಶ.

ಮಾನ್ಯರೇ,

1. ಸದರಿ ಆದೇಶದ ಕಾರಣ, ಪುರಭವನವು ಕಚೇರಿಯಾದಾಗ ವೇದಿಕೆ, ಬಾಲ್ಕನಿ, ಕಮಾನಿನ ಚಾವಣಿ ಇದ್ದಂತೆಯೇ ಉಳಿದವು. ಗೆದ್ದಲು ತಿಂದ ಪರದೆ ಮಾತ್ರ ಹೋಯಿತು. ಬೇರೆ ಜಾಗವಿಲ್ಲದ ಕಾರಣ ಅರ್ಜಿದಾರನಾದ ಈ ಗುಮಾಸ್ತನ ಮೇಜು ವೇದಿಕೆ ಏರಿತು.

2. ಮೈಕಿಲ್ಲದ ಕಾಲದಲ್ಲಿ ನಾಟಕಕ್ಕೆಂದು ಕಟ್ಟಿದ ಚಾವಣಿಯಾದ್ದರಿಂದ, ಇಲ್ಲಿ ಪಿಸುಗುಟ್ಟಿದರೂ ಬಾಲ್ಕನಿಯ ಕೊನೆಯ ಬೆಂಚಿಗೆ ಮುಟ್ಟುತ್ತದೆ. ವೇದಿಕೆ ಕಂಡರೆ ಸುಮ್ಮನೆ ಕೂರುವ ಅಭ್ಯಾಸ ನಮ್ಮೂರಿನವರಿಗಿಲ್ಲ. ಮೊಹರು ಬಿದ್ದರೆ ಚಪ್ಪಾಳೆ. ನೊಂದವರು ಬಂದು ನಿಂತರೆ, ನಾಟಕದ ಕಾಲದಲ್ಲಿ ಅಳುವ ಪಾತ್ರಕ್ಕೆ ಕಳಿಸುತ್ತಿದ್ದಂತೆಯೇ, ಅವರಿಗೆ ತಿಂಡಿ ಕಳಿಸುತ್ತಾರೆ. ಕೆಲಸವಿಲ್ಲದವರೂ ಬೆಳಿಗ್ಗೆಯೇ ಬಂದು ಕೂರುತ್ತಾರೆ. ಇದನ್ನೆಲ್ಲ ಅರ್ಜಿದಾರ ಸಹಿಸಿದ್ದಾನೆ; ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯನ್ನೂ ಪಟ್ಟಿದ್ದಾನೆ.

3. ಕಳೆದ ಸೋಮವಾರ ಅರ್ಜಿದಾರನ ಹೆಂಡತಿ ಅರಬಾ ತವರಿನಿಂದ ನೇರವಾಗಿ ಬಂದು, ವೇದಿಕೆ ಹತ್ತಿ, ವಿಚ್ಛೇದನದ ಅರ್ಜಿ ಮುಂದಿಟ್ಟಳು. ಕಾರಣದ ಕಾಲಂ ಖಾಲಿಯಿದ್ದ ಕಾರಣ, ನಿಯಮಾನುಸಾರ “ಕಾರಣ ತಿಳಿಸಿ” ಎನ್ನಬೇಕಾಯಿತು.

“ಸಾರಿಗೆ ಉಪ್ಪು ಕಮ್ಮಿಯಾದ್ರೆ ‘ಕಾರಣ ತಿಳಿಸಿ.’ ಅಮ್ಮನ ಮನೆಗೆ ಹೋಗ್ತೀನಿ ಅಂದ್ರೆ ‘ಕಾರಣ ತಿಳಿಸಿ.’ ಅದೇ ಕಾರಣ, ಬರ್ಕೋ” ಎಂದಳು.

ಬಾಲ್ಕನಿ ಚಪ್ಪಾಳೆ ತಟ್ಟಿತು. ಅವಳಿಗೆ ಮೆಕ್ಕೆಜೋಳದ ಹಿಟ್ಟಿನ ಬಿಸಿ ಕೆಂಕೆ ಉಂಡೆ, ಹುರಿದ ಮೀನು ಬಂತು. ಅರ್ಜಿದಾರನಿಗೆ ಒಂದು ಲೋಟ ನೀರೂ ಬರಲಿಲ್ಲ.

4. ಆಗ ಮೂರನೇ ಸಾಲಿನ ಖಾಯಂ ಅಜ್ಜಿ ನಾನಾ ಎಕುವಾ, “ಮೊಹರು ಕೆಳಗಿಡೋ. ಬಾ ಅಂತ ಕರಿ” ಎಂದು ಹೇಳಿಕೊಟ್ಟರು. ಅರ್ಜಿದಾರ ಹೆಂಡತಿಗಷ್ಟೇ ಕೇಳುವಂತೆ, “ನೀನಿಲ್ದೆ ಮನೆಗೆ ಹೋಗೋಕೇ ಮನಸ್ಸಾಗಲ್ಲ, ಬಾರೇ” ಎಂದ. ಇಡೀ ಸಭೆಗೆ ಕೇಳಿಸಿತ್ತು. ಆದರೂ ಬಾಲ್ಕನಿಯವರು ಕೇಳಿಸಲಿಲ್ಲವೆಂದು ಮತ್ತೆ ಮತ್ತೆ ಹೇಳಿಸಿದರು. ಅರಬಾ ಮೀನಿನ ಮುಳ್ಳು ಬಿಡಿಸುತ್ತ, ಗುರುವಾರ ಬಂದು ಉತ್ತರ ಹೇಳುವುದಾಗಿ ತಿಳಿಸಿದಳು.

5. ಗುರುವಾರಕ್ಕೆ ಬಾಲ್ಕನಿಯಲ್ಲಿ ಜಾಗ ಹಿಡಿಯಲು ಈಗಾಗಲೇ ಟವೆಲ್ ಬಿದ್ದಿವೆ. ಅವಳು ಹೂಂ ಅಂದರೂ ಊಹೂಂ ಅಂದರೂ ಅರ್ಜಿದಾರ ಅಳುವುದು ಖಚಿತ. ಸರ್ಕಾರಿ ನೌಕರ ಕೆಲಸದ ವೇಳೆಯಲ್ಲಿ ಬಹಿರಂಗವಾಗಿ ಅಳುವುದು ಕಚೇರಿಯ ಘನತೆಗೆ ತಕ್ಕುದಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಗುರುವಾರದೊಳಗೆ ಪರದೆ ಮಂಜೂರು ಮಾಡಬೇಕು. ಆಗದಿದ್ದಲ್ಲಿ ಅಂದು ಬಾಲ್ಕನಿಗೆ ಬೀಗ ಹಾಕಿಸಬೇಕು. ಮೂರನೇ ಸಾಲಿನ ಅಜ್ಜಿಯನ್ನು ಮಾತ್ರ ಒಳಗೆ ಬಿಡಬೇಕು. ಅರ್ಜಿದಾರನಿಗೆ ಮಾತು ಮರೆತರೆ ಹೇಳಿಕೊಡಲು ಬೇರೆ ಯಾರೂ ಇಲ್ಲ.

ಪರದೆಯ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಎಬೋ ಕ್ವಾನ್ಸಾ

ಲಗತ್ತುಗಳು:
1. ಹಳೆಯ ಪರದೆಯ ತುಂಡು, ಗೆದ್ದಲು ಸಹಿತ.
2. ಅರಬಾಳ ಅರ್ಜಿ, ಮೂಲ ಪ್ರತಿ, ಮೊಹರು ಹಾಕಿಲ್ಲ. ಇದು ತಮ್ಮ ಕಚೇರಿಯಲ್ಲಿ ಕಳೆದುಹೋದರೆ ಅರ್ಜಿದಾರನ ಅಭ್ಯಂತರವಿಲ್ಲ.