ನಮ್ಮ ರೊಟ್ಟಿ ತಿಂದು ಹೋದ ತೀರ್ಪುಗಾರರಿಗೆ

ಕಣಿವೆಯ ಮಕ್ಕಳ ಸೈಕಲ್ ಓಟದ ಮುಖ್ಯ ತೀರ್ಪುಗಾರರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಸೀಟಿಯೂ ತಮ್ಮ ಜೀರ್ಣಶಕ್ತಿಯೂ ಕ್ಷೇಮವೆಂದು ನಂಬಿ, ಕೋಚ್ಕೋರ್ ಕಣಿವೆಯ ನಮ್ಮೂರ ಸೈಕಲ್ ತಂಡದ ಹೆತ್ತವರೆಲ್ಲರ ಪರವಾಗಿ ಎದೆಯ ಮೇಲೆ ಕೈಯಿಟ್ಟು ವಂದಿಸುತ್ತೇನೆ.

ಕಳೆದ ಭಾನುವಾರ 'ಆಹಾರದ ಮೂಲಕ ಇತರರಿಗೆ ಅಡ್ಡಿಪಡಿಸಿದ' ಅಪರಾಧಕ್ಕಾಗಿ ತಾವು ನಮ್ಮ ತಂಡವನ್ನು ಹೊರಹಾಕಿದ ಸುದ್ದಿ ಕೇಳಿ ಊರಿಗೆ ಊರೇ ಧನ್ಯವಾಯಿತು. ಗೆದ್ದವರಿಗೆ ಮಾತ್ರ ರಾಜಧಾನಿ ಬಿಷ್ಕೆಕ್‌ನ ದೊಡ್ಡ ಓಟಕ್ಕೆ ಪ್ರವೇಶವಾದ್ದರಿಂದ ನನ್ನ ಮಗಳು ಸೈಕಾಲ್ ಈಗ ಮನೆಯಲ್ಲೇ ಮುಖ ಊದಿಸಿಕೊಂಡು ಕೂತಿದ್ದಾಳೆ.

ಊರಲ್ಲಿ ಮನೆ ಕಟ್ಟುವಾಗ ಎಲ್ಲರೂ ಕೂಲಿಯಿಲ್ಲದೆ ಕೈಹಚ್ಚುವ ಹಾಗೆಯೇ ಈ ತಂಡವನ್ನೂ ಕಟ್ಟಿದೆವು. ಕುದುರೆಗೆ ಲಾಳ ಹೊಡೆಯುವ ತೊಕ್ತೊಸುನ್ ಬ್ರೇಕು ಸರಿಮಾಡಿದ; ಅಂದಿನಿಂದ ಬ್ರೇಕು ಹಿಡಿದರೆ ಸೈಕಲ್ಲುಗಳು ಕೆನೆಯುವುದೊಂದು ಬಾಕಿ. ತಾಯಂದಿರು ಸೈಕಲ್ ಸೀಟುಗಳಿಗೆ ಉಣ್ಣೆಯ ಕಂಬಳಿ ಹೊಲಿದರು. ನಾನು ವ್ಯಾನಿನಲ್ಲಿ ಹಿಂದೆ ಹಿಂದೆಯೇ ಹೋಗಿ ಹಾರನ್ ಹೊಡೆದು ತರಬೇತಿ ಕೊಟ್ಟೆ.

ಓಟದ ಬೆಳಿಗ್ಗೆ ತಾವು ಮುಂಗೈಯ ಗಡಿಯಾರ ಎತ್ತಿ ತೋರಿಸಿ ಎರಡು ನಿಯಮ ಅಪ್ಪಣೆ ಕೊಡಿಸಿದಿರಿ. "ದಾರೀಲಿ ಮಕ್ಕಳಿಗೆ ತಿನ್ನೋಕೆ ಕುಡಿಯೋಕೆ ಕೊಡೋದು ನಿಮ್ಮೂರಿನವರ ಜವಾಬ್ದಾರಿ. ಇನ್ನೊಂದು, ಈ ಗಡಿಯಾರದ ಮುಂದೆ ಮೊದಲು ಗೆರೆ ದಾಟಿದವರೇ ಗೆದ್ದವರು. ಅವರಿವರು ಕಂಡಿದ್ದು, ಹೇಳಿದ್ದು ಲೆಕ್ಕಕ್ಕಿಲ್ಲ." ಮೊದಲನೆಯದಕ್ಕೆ ನೀರಿನ ಬಾಟಲಿ, ಬಾಳೆಹಣ್ಣು ಎಂದು ಬಿಡಿಸಿ ಹೇಳಿದ್ದರೆ ಒಂದು ಕುರಿಯ ಜೀವ ಉಳಿಯುತ್ತಿತ್ತು.

ರಸ್ತೆಬದಿಯ ಹುಲ್ಲಿನ ಮೇಲೆ ಬಟ್ಟೆ ಹಾಸಿ, ಬಿಸಿ ಸಾರು, ಮಾಂಸ, ರೊಟ್ಟಿ ಹರಡಿದೆವು. ಸೈಕಾಲ್ ಎಲ್ಲರಿಗಿಂತ ಒಂದು ಕೂಗಳತೆ ಮುಂದಿದ್ದಳು. ನನ್ನ ಅಮ್ಮ ಬುರುಲ್ಚಾ, ಕೈಯಲ್ಲಿ ರೊಟ್ಟಿ ಹಿಡಿದು ನಡುರಸ್ತೆಯಲ್ಲಿ ನಿಂತರು.

"ಅಜ್ಜಿ, ದಾರಿ ಬಿಡು! ಓಟ ಇದು!"

"ಓಟ ಎಲ್ಲಿಗೆ ಓಡಿ ಹೋಗುತ್ತೆ? ರೊಟ್ಟಿ ಮುಟ್ಟದೆ ಮುಂದೆ ಹೋಗ್ತಾರೇನೇ? ಇಳಿ ಕೆಳಗೆ!"

ಇಳಿದಳು. ಅವಳ ತಂಡ ಇಳಿಯಿತು. ಹಿಂದೆ ಬಂದ ನಗರದ ಹುಡುಗರಿಗೂ ಅಮ್ಮ, "ನೀವೂ ಯಾರೋ ಹೆತ್ತ ಮಕ್ಕಳೇ ಅಲ್ವಾ, ಕೂತ್ಕೊಳ್ಳಿ" ಎಂದರು. ಆಗಲೇ ತಮ್ಮ ಕಾರು ಬಂತು. "ಒಂದೇ ತುತ್ತು, ಡ್ಯೂಟಿ ಇದೆ" ಎನ್ನುತ್ತಲೇ ತಾವು ಹಿರಿಯರ ಜಾಗದಲ್ಲಿ ವಿರಾಜಮಾನರಾದಿರಿ. ಹಿರಿಯ ಅತಿಥಿಗೇ ಸಲ್ಲುವ ಕುರಿಯ ತಲೆ ತಮ್ಮ ಮುಂದೆ ಬಂತು. ಅಷ್ಟು ವಿಶಾಲವಾದ ತುತ್ತನ್ನು ನಮ್ಮ ಕಣಿವೆ ಹಿಂದೆಂದೂ ಕಂಡಿರಲಿಲ್ಲ.

ಹಿರಿಯ ಅತಿಥಿ ಹರಸುವ ತನಕ ಯಾರೂ ಏಳಬಾರದೆಂಬ ನಮ್ಮ ಪದ್ಧತಿ ತಮಗೆ ತಿಳಿಯದ್ದಲ್ಲ. ನಗರದ ಹುಡುಗರು ಬಾಯೊರೆಸಿಕೊಂಡು ಎದ್ದು ಹೋದರು. ನಮ್ಮ ಮಕ್ಕಳು, ತಾವು ಹರಸಲೆಂದು ಅಂಗೈ ಬಿಚ್ಚಿ ತಮ್ಮ ದವಡೆಯನ್ನೇ ನೋಡುತ್ತ ಕೂತರು. ತಾವು ಅಗಿದಿರಿ, ಸಾರು ಕೇಳಿದಿರಿ, ಮತ್ತೆ ಅಗಿದಿರಿ. ಕೊನೆಗೆ "ಗೆದ್ದು ಬನ್ನಿ" ಎಂದು ಹರಸಿದಿರಿ. ಕಾರು ಹತ್ತಿ ಹೋಗಿ ನಮ್ಮನ್ನೇ ಹೊರಹಾಕಿದಿರಿ.

ಆದ್ದರಿಂದ ನಮ್ಮ ಬಿನ್ನಹವಿಷ್ಟೇ: ನಮ್ಮ ಕುರಿಯನ್ನು ಎರಡೂ ಕಿವಿಗಳ ಸಮೇತ, ನಡೆದಾಡುವ ಸ್ಥಿತಿಯಲ್ಲಿ ಹಿಂದಿರುಗಿಸುವುದು. ಆಗದಿದ್ದಲ್ಲಿ, ಮುಂದಿನ ಓಟಗಳಿಗೆ ತೀರ್ಪುಗಾರರು ಅಗಿಯಬೇಕಾದ ಕನಿಷ್ಠ ವೇಗವನ್ನು ಗೊತ್ತುಪಡಿಸುವುದು.

ತಮ್ಮ ವಿಶ್ವಾಸಿ,
ಎಸೆನ್‌ಕುಲ್
ಸೈಕಾಲಳ ತಂದೆ, ತಂಡದ ಹಾರನ್ ಗುರು

ಮರೆತಿದ್ದೆ: ಕೈ ತೊಳೆಯುವಾಗ ತಾವು ಕಳಚಿಟ್ಟ ಗಡಿಯಾರ ನಮ್ಮಲ್ಲೇ ಉಳಿದಿದೆ. ಅತಿಥಿಯ ವಸ್ತುವೆಂದು ಅಮ್ಮ ಯಾರಿಗೂ ಮುಟ್ಟಗೊಡುತ್ತಿಲ್ಲ. ಅದರಲ್ಲಿ ಓಟದ ಲೆಕ್ಕ ಇನ್ನೂ ಓಡುತ್ತಲೇ ಇದೆ. ನಗರದ ಹುಡುಗರು ದಾಟುವಾಗ ಗೆರೆಯ ಬಳಿ ಗಡಿಯಾರವೇ ಇರಲಿಲ್ಲವಲ್ಲ, ಹಾಗಾಗಿ ಇಂದು ಬೆಳಿಗ್ಗೆ ಅಮ್ಮ ಅದನ್ನು ತಟ್ಟೆಯಲ್ಲಿಟ್ಟು ಅಲ್ಲಿಗೆ ಒಯ್ದರು. ತಮ್ಮ ಎರಡನೆಯ ನಿಯಮದಂತೆ ಇದುವರೆಗೆ ಅದರ ಮುಂದೆ, ಊದಿದ ಮುಖದಲ್ಲೇ ಸೈಕಲ್ ತುಳಿದು, ಗೆರೆ ದಾಟಿದವಳು ಸೈಕಾಲ್ ಒಬ್ಬಳೇ. ಗಡಿಯಾರ ನಿಲ್ಲಿಸಲು ತಾವೇ ಬರಬೇಕು. ಹಸಿದುಕೊಂಡು ಬನ್ನಿ, ಈ ಸಲ ಹರಸುವುದು ಮೊದಲು, ಊಟ ಆಮೇಲೆ.