ಬಿಳಿ ಬಟ್ಟೆಗೆ ನಾಲ್ಕು ಮುಚ್ಚಳ ಎಣ್ಣೆ

ಸಂಗೀತ ನಮ್ಮ ಜಗಲಿಯ ಮೇಲೆ ಬ್ಯಾಗು ಇಳಿಸಿದ ದಿನವೇ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಈ ಹುಡುಗಿ ನಮ್ಮ ಮನೆಯಲ್ಲಿರುವಷ್ಟು ದಿನ ಒಂದೇ ಒಂದು ಉಣುಗು ಇವಳನ್ನು ಮುಟ್ಟಕೂಡದು! ಸೊರಬದ ಕಾಡಂಚಿನಲ್ಲಿ ಅರವತ್ತೆಂಟು ಬೇಸಿಗೆ ಕಳೆದವಳು ನಾನು. ಕಚ್ಚಿ ರಕ್ತ ಹೀರಿ ಮಂಗನ ಕಾಯಿಲೆ ತರುವ ಆ ಹುಳದ ಸಂಚು ನನಗೆ ಗೊತ್ತಿಲ್ಲವೇ?

ಅವಳು ಶಿವಮೊಗ್ಗದಿಂದ ಬಂದದ್ದೇ ಉಣುಗಿನ ಸಂಶೋಧನೆಗೆ. ಯಜಮಾನರು ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಕೋಣೆ ಕೊಟ್ಟೆ. ಅವಳ ಆಯುಧವೆಂದರೆ ಒಂದು ಕೋಲು, ಅದಕ್ಕೆ ಕಟ್ಟಿದ ಮಾರುದ್ದದ ಬಿಳಿ ಬಟ್ಟೆ. ಅದನ್ನು ತರಗೆಲೆಯ ಮೇಲೆ ಎಳೆದುಕೊಂಡು ನಡೆಯುವುದು. ಬಟ್ಟೆಗೆ ಅಂಟಿದ ಉಣುಗನ್ನು ಎಣಿಸಲು ಹಾಗೆ ಮಾಡುತ್ತಾರೆಂದು ಈಗ ಗೊತ್ತು. ಆಗ ನಾನು ತಿಳಿದದ್ದು, ಪಾಪ, ದಾರಿಯ ಉಣುಗನ್ನು ಗುಡಿಸುತ್ತಾಳೆ ಎಂದು. ಗುಡಿಸಿದ ಬಟ್ಟೆಯನ್ನೇ ಮಡಚಿ ಎದೆಗವಚಿಕೊಂಡು ಬಂದರೆ ಕಚ್ಚದೆ ಬಿಡುತ್ತದೆಯೇ?

ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲೆಂದು ಆಸ್ಪತ್ರೆಯವರು ಒಂದು ಎಣ್ಣೆ ಕೊಡುತ್ತಾರೆ. ಅದರ ವಾಸನೆಗೆ ಉಣುಗು ಹತ್ತಿರ ಸುಳಿಯುವುದಿಲ್ಲ. ಬಂದ ದಿನದಿಂದಲೇ, ದಿನಾ ಸಂಜೆ ಅವಳು ಸ್ನಾನಕ್ಕೆ ಹೋದಾಗ, ನಾಲ್ಕು ಮುಚ್ಚಳ ಎಣ್ಣೆಯನ್ನು ಆ ಬಟ್ಟೆಗೆ ಅಂಚಿನಿಂದ ಅಂಚಿಗೆ ಸವರಿ ನೆರಳಲ್ಲಿ ಒಣಗಿಸಿದೆ. ಅವಳು ಎಣ್ಣೆ ಹಚ್ಚಿಕೊಂಡ ಕಾಲಿನದೂ ಅದೇ ವಾಸನೆ. ಗುಟ್ಟು ರಟ್ಟಾಗುವುದು ಹೇಗೆ?

ಅವಳು ದಿನಾ ಪುಸ್ತಕದಲ್ಲಿ ಸೊನ್ನೆ ಬರೆದಳು. ನನಗೆ ಓದಲು ಬರುವ ಒಂದೇ ಅಂಕಿ ಅದು! ಒಂದು ವಾರದ ಏಳು ಸೊನ್ನೆ ಕಂಡ ಸಂತೋಷಕ್ಕೆ ಪಾಯಸ ಮಾಡಿದೆ. ಅವಳು ಬಟ್ಟಲು ಸರಿಸಿ ಪುಸ್ತಕ ತಿರುವುತ್ತ ಕೂತಳು.

ಅವಳನ್ನು ಕಳಿಸಿದ ಶಿವಮೊಗ್ಗದ ಸರ್ ಫೋನಿನಲ್ಲಿ ಗುಡುಗಿದರಂತೆ: ಸುತ್ತಮುತ್ತ ಎಲ್ಲ ಕಡೆ ಇರುವ ಉಣುಗು ಇಲ್ಲಿ ಮಾತ್ರ ಇಲ್ಲವೆಂದರೆ ಕಾರಣ ಹುಡುಕು. ಅವರ ಕಚೇರಿಯವರಲ್ಲಿ ಒಬ್ಬರು ಬಿಸಿಲು ಎಂದರು. ಇನ್ನೊಬ್ಬರು ಮಣ್ಣು ಎಂದರು. ಮೂರನೆಯವರು ಯಾರೋ ಕೋಳಿ ಹುಳ ತಿನ್ನುತ್ತದಲ್ಲ ಎಂದದ್ದೇ ತಡ, ನನ್ನ ಒಂಬತ್ತು ಕೋಳಿಗಳಿಗೆ ರಾಜಯೋಗ ಬಂತು. ಅವು ಕೆದಕಿದ ಜಾಗವನ್ನೆಲ್ಲ ಟೇಪು ಹಿಡಿದು ಅಳೆದದ್ದೇನು, ಹಿಕ್ಕೆಯನ್ನು ಡಬ್ಬಿಗೆ ತುಂಬಿದ್ದೇನು! ನನ್ನ ಮದುವೆಯಲ್ಲಿ ನನಗೂ ಅಷ್ಟು ಫೋಟೊ ತೆಗೆದಿರಲಿಲ್ಲ. ನಾನೂ ಉಬ್ಬಿದೆ. ನನ್ನ ಕೋಳಿಗಳಿಂದ ದೇಶಕ್ಕೆ ಉಪಕಾರವಾಗುವುದಾದರೆ ಬೇಡವೆನ್ನಲು ನಾನ್ಯಾರು?

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಲೋಕಪ್ಪ ಕತ್ತಿ ಹಿಡಿದು ಕಾಡಿಗೆ ಸೊಪ್ಪು ಕಡಿಯಲು ಹೊರಟ. ಮೊಣಕಾಲಿನ ತನಕ ಬರಿಗಾಲು, ಒಣಕಾಲು.

"ಎಣ್ಣೆ ಹಚ್ಚಿದ್ಯೇನೋ?" ಎಂದೆ.

"ಎಣ್ಣೆ ಯಾಕೆ ಗುಡ್ಡಮ್ಮಕ್ಕ? ನಮ್ಮ ಕಾಡಲ್ಲಿ ಉಣುಗೇ ಇಲ್ವಂತಲ್ಲ. ಆ ಮೇಡಮ್ಮೇ ಹೇಳಿದ್ರು. ನಿಮ್ಮ ಕೋಳಿ ಪುಣ್ಯ."

ಹೋದ ಬೇಸಿಗೆಯಲ್ಲಿ ಮಂಗನ ಕಾಯಿಲೆಯಿಂದ ಇವನ ತಮ್ಮ ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಲೋಕಪ್ಪನನ್ನು ಬೇಲಿಯ ಹತ್ತಿರವೇ ನಿಲ್ಲಿಸಿ ಸಂಗೀತಳನ್ನು ಕೂಗಿದೆ.

"ಉಣುಗು ಇಲ್ಲ ಅಂತ ಹೆಂಗೆ ಹೇಳಿದೆ ಮಗಾ?"

"ಬಟ್ಟೆಗೆ ಒಂದೂ ಹತ್ತಿಲ್ವಲ್ಲ ಅಜ್ಜಿ."

"ಹತ್ತೋದು ಹೆಂಗೆ? ನಾನು ಎಣ್ಣೆ ಹಚ್ಚಿದೀನಲ್ಲ."

ಹುಡುಗಿ ಒಳಗಿಂದ ಬಟ್ಟೆ ತಂದು ಮೂಸಿದಳು. "ಎಷ್ಟು ದಿನ?"

"ಹದಿನೆಂಟು. ದಿನಾ ನಾಲ್ಕು ಮುಚ್ಚಳ. ಒಂದು ದಿನಾನೂ ತಪ್ಪಿಸಿಲ್ಲ ನೋಡು."

ಲೋಕಪ್ಪ ತೆಪ್ಪಗೆ ಬಂದು ನನ್ನ ಬಾಟಲಿಗೆ ಕೈಯೊಡ್ಡಿದ. ಯಜಮಾನರದೊಂದು ಒಗೆದ ಬಿಳಿ ಪಂಚೆ ಕೋಲಿಗೇರಿತು. ಹಿತ್ತಲಾಚೆ ಅರ್ಧ ಗಂಟೆ ಎಳೆದದ್ದಕ್ಕೆ ಇಪ್ಪತ್ಮೂರು ಉಣುಗು! ಅದನ್ನು ಕಂಡು ಆ ಹುಡುಗಿ ಕುಣಿದದ್ದು ನೋಡಿದರೆ ಚಿನ್ನ ಸಿಕ್ಕಿದೆಯೆನ್ನಬೇಕು. ಆಮೇಲೆ ನೆನಪಾಗಿ ಅತ್ತಳು. ಹದಿನೆಂಟು ದಿನದ ದುಡಿಮೆ ಎಣ್ಣೆಪಾಲು. ಸರ್ ಕೆಲಸದಿಂದಲೇ ತೆಗೆದರೆ? ನಾನೇ ಫೋನು ಇಸಿದುಕೊಂಡು ತಪ್ಪೊಪ್ಪಿಕೊಂಡೆ, ತಾರೀಖು, ಮುಚ್ಚಳ ಸಮೇತ. ಆ ಕಡೆಯಿಂದ ಕೆಮ್ಮುವಷ್ಟು ನಗು. ಮೊದಲಿನಿಂದ ಶುರು ಮಾಡಲಿ ಎಂದರು.

ಸಂಗೀತ ಊರಲ್ಲಿ ಮನೆಮನೆಗೂ ಹೋಗಿ ಉಣುಗು ಇದೆ, ಎಣ್ಣೆ ಬಿಡಬೇಡಿ ಎಂದು ಸಾರಿ, ಆನವಟ್ಟಿ ಬಸ್ಸು ಹತ್ತಿದಳು. ಮರುದಿನ ಹೊಸ ಬಟ್ಟೆಯೊಂದಿಗೆ ಒಂದು ತಗಡಿನ ಟ್ರಂಕು, ಮುಷ್ಟಿಗಾತ್ರದ ಬೀಗ ತಂದಳು. ಬಟ್ಟೆಯನ್ನು ಅದರೊಳಗಿಟ್ಟು ಬೀಗ ಜಡಿದಳು. ಮನೆಯ ಎಲ್ಲ ಕೀಲಿಯ ಹಾಗೆ ಇದನ್ನೂ ಗೋಡೆಯ ಮೊಳೆಗೆ ತೂಗುಹಾಕಲು ನಾನು ಕೈ ಚಾಚಿದೆ. ಅವಳು ನಾಚಿ, ತಲೆ ತಗ್ಗಿಸಿ ಕೇಳಿದಳು:

"ಅಜ್ಜಿ, ಬೇಜಾರಿಲ್ಲ ಅಂದ್ರೆ, ಇದರ ಕೀಲಿ ನನ್ನ ಹತ್ರಾನೇ ಇರ್ಲಾ?"