ಸನ್ಮಾನ ತಾಳಲಾರದೆ ಕಾಲೇಜು ಬಿಟ್ಟವಳ ಪರವಾಗಿ

ಹಾಗಾಗಿ ಮಾನ್ಯ ಕ್ರೀಡಾ ನಿರ್ದೇಶಕರೇ, ನಿನ್ನೆ ತಮ್ಮ ಕಾಲೇಜಿನ ಗೇಟಿನ ಬಳಿ ನನ್ನ ಮಾತು ಮುಗಿಯುವ ಮೊದಲೇ ತಮ್ಮ ಸ್ಕೂಟರು ಹೊರಟುಬಿಟ್ಟಿದ್ದರಿಂದ, ಉಳಿದದ್ದನ್ನು ಎಲ್ಲರೂ ಓದಲೆಂದೇ ಬರೆಯುತ್ತಿದ್ದೇನೆ. ತಮಗೂ, ತಮ್ಮ ಸ್ಕೂಟರಿಗೂ, ಮೈದಾನದಲ್ಲಿ ಬೇರುಬಿಟ್ಟಿರುವ ತಮ್ಮ ವೇದಿಕೆಗೂ ನನ್ನ ಸವಿನಯ ವಂದನೆಗಳು. ಐ ಬೆಗ್ ಟು ಸ್ಟೇಟ್ ದಟ್... ಇದರ ಮುಂದೆ ಕಾಲೇಜಿನಲ್ಲಿ ಕಲಿತ ಒಂದು ಭಾರಿ ಪದ ಬರಬೇಕು, ‘ಹಿಯರ್‌ಬೈ’ಯೋ ‘ನೆವರ್‌ದಿಲೆಸ್’ಸೋ. ನನ್ನವಳು ಬದುಕಿದ್ದರೆ “ಕನ್ನಡದಲ್ಲೇ ಬೈಯ್ರೀ, ಬೇಗ ಮುಗಿಯುತ್ತೆ” ಅನ್ನುತ್ತಿದ್ದಳು.

ನನ್ನ ಮೊಮ್ಮಗಳು ಉದ್ದ ಜಿಗಿತದಲ್ಲಿ ಮೊದಲ ಸಲ ಗೆದ್ದು ಬಂದಾಗ, ಹಾರಿದವಳಿಗೆ ಹಾರಿದ ಜಾಗದಲ್ಲೇ ಸನ್ಮಾನವಾಗಬೇಕೆಂಬ ಉದಾತ್ತ ಯೋಚನೆ ತಮಗೆ ಬಂದು, ಅವಳು ಓಡಿಬರುವ ದಾರಿಯ ನಟ್ಟನಡುವೆ ವೇದಿಕೆ ಕಟ್ಟಿಸಿದಿರಿ. ಎರಡನೆಯ ಸನ್ಮಾನ ಹತ್ತಿರದಲ್ಲೇ ಇದ್ದುದರಿಂದ ಬಿಚ್ಚಿ ಮತ್ತೆ ಕಟ್ಟುವುದು ಯಾಕೆಂದು ಅದನ್ನು ಹಾಗೇ ಬಿಟ್ಟಿರಿ. ಆಮೇಲೆ ವೇದಿಕೆ ಹೇಗೂ ಇದೆಯಲ್ಲ ಎಂದು ಸನ್ಮಾನಗಳನ್ನು ಹುಡುಕಿಕೊಂಡು ಹೊರಟಿರಿ. ಸಂಜೆಯ ಅಭ್ಯಾಸಕ್ಕೆ ಬಂದ ಹುಡುಗಿಯ ಕೈಗೆ ಹೂಗುಚ್ಛ, ಕುತ್ತಿಗೆಗೆ ಹಾರ, ಕಿವಿಗೆ ಅತಿಥಿಗಳು. ಕಾಲಿಗೆ ಮಾತ್ರ ಕೆಲಸವಿಲ್ಲ.

ಕೊನೆಗೆ ಅವಳು ನಮ್ಮ ಮನೆಯಲ್ಲೇ, ಅಡುಗೆಮನೆಯಿಂದ ಓಡಿಬಂದು ನಡುಮನೆಯಲ್ಲಿ ಹಾಸಿದ ಹಾಸಿಗೆಯ ಮೇಲೆ ಹಾರತೊಡಗಿದಳು. ಸೋಫಾ ಸರಿಸಿಕೊಟ್ಟವನು ನಾನೇ. ಕೆಳಮನೆಯ ಟೈಲರಮ್ಮ ಮೇಲೆ ಬಂದು “ಆನೆ ಸಾಕಿದ್ದೀರಾ ಸಾರ್? ನನ್ನ ಸೂಜಿ ಎದ್ದೆದ್ದು ಬೀಳ್ತಿದೆ” ಎಂದರು. ಹೀಗೆ ತಯಾರಾದವಳು ತಂಡದ ಆಯ್ಕೆಯ ದಿನ ಮರಳಿನ ಗುಂಡಿಯ ಈಚೆಯೇ ಬಿದ್ದಾಗ ತಾವು ಕಿಂಚಿತ್ತೂ ಗದರದೆ, ಧೈರ್ಯ ತುಂಬಲು ಒಂದು ಪ್ರೋತ್ಸಾಹ ಸನ್ಮಾನವನ್ನು ಘೋಷಿಸಿದಿರಿ. ಮಾರನೆಯ ದಿನ ಅವಳು ಟಿ.ಸಿ. ಕೇಳಿದಳು.

ಈಗ ತಾವು “ಹೇಗಾದ್ರೂ ವಾಪಸ್ ಕರ್ಕೊಂಡು ಬನ್ನಿ ಯಜಮಾನ್ರೇ, ದೊಡ್ಡ ಸ್ವಾಗತ ಸಮಾರಂಭ ಇಟ್ಕೊಳ್ಳೋಣ” ಅನ್ನುತ್ತೀರಿ. ಎಲ್ಲಿ ಅಂತ ಕೇಳಿದರೆ “ವೇದಿಕೆ ಅಲ್ಲೇ ಇದೆಯಲ್ಲಾ!” ಅನ್ನುತ್ತೀರಿ. ನನ್ನ ಅಲ್ಪ ಕೋರಿಕೆಗಳು ಇಷ್ಟೇ: ವೇದಿಕೆಗೆ ಚಕ್ರ ಹಾಕಿಸಿ, ಅವಳು ಓಡಿಬಂದಾಗ ಅದು ಅತಿಥಿಗಳ ಸಮೇತ ಮುಂದೆ ಓಡುವಂತೆ ಮಾಡಬೇಕು. ಅದಾಗದಿದ್ದರೆ ಭಾಷಣಕಾರರೆಲ್ಲ ಮೊದಲು ಮರಳಿಗೆ ಹಾರಬೇಕು. ಅವಳಿಗಿಂತ ದೂರ ಬಿದ್ದವರು ಎಷ್ಟು ಹೊತ್ತು ಬೇಕಾದರೂ ಮಾತಾಡಲಿ, ನಾನೇ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ.

ಹೊಸ ಕಾಲೇಜಿನ ದುರವಸ್ಥೆಯನ್ನೂ ತಮ್ಮ ಗಮನಕ್ಕೆ ತರಬೇಕು. ಇಲ್ಲಿ ವೇದಿಕೆಯೇ ಇಲ್ಲ. ಇಲ್ಲಿನ ಮೇಷ್ಟ್ರಿಗೆ ಅವಳ ಹೆಸರು ಇನ್ನೂ ಬಾಯಿಗೆ ಬಂದಿಲ್ಲ, “ಏ ಉದ್ದ ಜಡೆ” ಎಂದು ಕರೆಯುತ್ತಾರೆ. ಚೆನ್ನಾಗಿ ಹಾರಿದರೆ ಬಾಯಿಬಿಟ್ಟು ಹೊಗಳುವುದೂ ಇಲ್ಲ, ಮರಳನ್ನು ಸಮಮಾಡಿ “ಇನ್ನೊಂದು” ಅನ್ನುತ್ತಾರೆ. ಇಂಥ ಅನಾದರದಲ್ಲೂ ಹುಡುಗಿ ದಿನದಿನಕ್ಕೆ ಮುಂದೆ ಮುಂದೆ ಬೀಳುತ್ತಿದ್ದಾಳೆ. ಇಲ್ಲಿಯೇ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿರುವುದರಿಂದ ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಮುಂದಿನ ತಿಂಗಳ ಕ್ರೀಡಾಕೂಟದಲ್ಲಿ ತಮ್ಮ ಕಾಲೇಜಿನ ಎದುರೇ ಹಾರುವವಳಿದ್ದಾಳೆ. ಅದಕ್ಕೆ ತಮ್ಮ ಆಶೀರ್ವಾದವಿರಲಿ, ಮೌನವಾಗಿ.

ಇನ್ನೂ ನಾಲ್ಕು ಪುಟಕ್ಕಾಗುವಷ್ಟು ಹೊಗಳಿಕೆ ಉಳಿದಿತ್ತು. ಆದರೆ ಬೆಳಕು ಇಳಿಯುತ್ತಿದೆ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ, ಅವಳು ಆ ತುದಿಯಿಂದ “ತಾತಾ, ಬೈದಿದ್ದು ಸಾಕು, ಹಲಗೆ ಕಾಣ್ತಿಲ್ಲ, ಬಾ” ಎಂದು ಕೂಗುತ್ತಿದ್ದಾಳೆ. ಕಾಲಿಟ್ಟು ನೆಗೆಯುವ ಹಲಗೆಯ ಪಕ್ಕ ಬಿಳಿ ಕರವಸ್ತ್ರ ಹಿಡಿದು ನಿಲ್ಲುವುದು ಕತ್ತಲಾಗುವ ಹೊತ್ತಿನ ನನ್ನ ಉದ್ಯೋಗ. ಎದ್ದೆ.

ತಮ್ಮ ವಿಶ್ವಾಸಿ, ಹಲಗೆಯ ಪಕ್ಕದಿಂದ,
ಉದ್ದ ಜಡೆಯವಳ ತಾತ

ತಾ.ಕ.: ತಾವು ಕೊಟ್ಟ ನೆನಪಿನ ಫಲಕಗಳು ವ್ಯರ್ಥವಾಗಿಲ್ಲ. ಇಲ್ಲಿ ಮರಳಿಗೆ ಹೊದಿಸುವ ತಾಡಪತ್ರಿ ಗಾಳಿಗೆ ಹಾರದಂತೆ ಅವನ್ನೇ ಸುತ್ತಲೂ ಹೇರಿದ್ದೇವೆ. ಒಂದು ಮೂಲೆ ಇನ್ನೂ ಏಳುತ್ತಿದೆಯಂತೆ. ದಯವಿಟ್ಟು ಮತ್ತೊಂದು ಸನ್ಮಾನ ಮಾಡಿ, ಫಲಕವನ್ನು ಮಾತ್ರ ಕಳುಹಿಸಿಕೊಡಿ.